ಭೂಗೋಳ ಪದವೀಧರನ ಜಲಪಾತ ದರ್ಶನ

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಹಗಲು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಸರಳು ಹೊತ್ತು, ಸಂಜೆ ಕಾಲೇಜಿನ ಕಡೆಯ ಬೆಂಚಿನಲ್ಲಿ ನಿದ್ದೆಯೊಡನೆ ಕುಸ್ತಿ ಹಿಡಿದು ಸಂಪಾದಿಸಿದ ಬಿ.ಎ. ಅದೂ ಭೂಗೋಳದಲ್ಲಿ. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಕೋಪರಖೈರಣೆಯ ನಮ್ಮ ಒಂದು ಕೋಣೆಯ ಮನೆಯಲ್ಲಿ ದೇವರ ಪಟದ ಪಕ್ಕಕ್ಕೇ ತೂಗುಹಾಕಿದ್ದೇನೆ. ಹೀಗಾಗಿ ಮಳೆ, ಗಾಳಿ, ಹೊಳೆ, ಗುಡ್ಡಗಳ ವಿಚಾರದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎದುರಿಲ್ಲ. ಉಳಿದ ವಿಚಾರಗಳಲ್ಲಿ ನನಗೆ ಮಾತೇ ಇಲ್ಲ.

ನನ್ನ ಹೆಂಡತಿ ಕಸ್ತೂರಿ ವಿಜಾಪುರದ ಕಡೆಯ ಒಣನೆಲದವಳು. ಹೊಟ್ಟೆಪಾಡಿಗೆ ಈ ಮರಾಠಿ ನಾಡಿಗೆ ಬಂದು ವಾಶಿಯಿಂದ ಠಾಣೆಯವರೆಗೆ ಚದುರಿದ ನಮ್ಮ ಕಡೆಯ ಜನಕ್ಕೆ ಆಕೆ ಬಡಿದು ಕೊಡುವ ಜೋಳದ ರೊಟ್ಟಿಯೇ ಆಧಾರ. ಆಕೆಯ ಒಲೆ ಆರುವುದು ವರ್ಷಕ್ಕೆ ಒಂದೇ ದಿನ, ದಸರೆಯ ಮರುದಿನ. ಹಬ್ಬದಲ್ಲಿ ಹೋಳಿಗೆ ಉಂಡ ಹೊಟ್ಟೆಗಳು ಅಂದು ರೊಟ್ಟಿ ಕೇಳುವುದಿಲ್ಲ.

ಆ ವರ್ಷ ಜುಲೈಯಲ್ಲಿ ನಾನು ಒಂದು ತಪ್ಪು ಮಾಡಿದೆ. ಪದವಿ ಬಂದ ಮೇಲೆ ಕಳಂಬೋಲಿಯಲ್ಲೇ ಸಿಕ್ಕ ಆಫೀಸು ಕೆಲಸಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಖಾರಘರ್ ಗುಡ್ಡದ ಮೇಲೆ ಬಿಳಿಯ ಪಂಚೆ ಒಣಹಾಕಿದಂತೆ ಇಳಿಯುತ್ತಿದ್ದ ಜಲಪಾತವನ್ನು ನೋಡಿ, ಅದನ್ನು ಮನೆಯಲ್ಲಿ ಹೇಳಿಬಿಟ್ಟೆ.

ಕಸ್ತೂರಿಯ ಕೈಯಲ್ಲಿದ್ದ ರೊಟ್ಟಿ ಅಲ್ಲಿಯೇ ನಿಂತಿತು.

"ಹುಟ್ಟಿದಾಗಿಂದ ತಂಬಿಗೀಲೆ ಎಣಿಸಿ ಸುರಕೊಂಡೀನ್ರಿ. ಒಮ್ಮೆರ ಎಣಿಸಲಾರದ ನೀರು ತಲೀ ಮ್ಯಾಲ ಬೀಳಬೇಕು ನೋಡ್ರಿ," ಎಂದಳು.

ಆಕೆ ಏನನ್ನೂ ಕೇಳುವವಳಲ್ಲ. ಕೇಳಿದ್ದು ಇದೊಂದೇ. ನಾನು ಮಾತು ಕೊಟ್ಟೆ. ಆದರೆ ಮಳೆಗಾಲದಲ್ಲಿ ಅಲ್ಲಿ ಜನ ಜಾರಿ ಬೀಳುತ್ತಾರೆಂದು ಪೊಲೀಸರು ಗುಡ್ಡದ ಬುಡದಲ್ಲೇ ತಡೆದು ವಾಪಸು ಕಳಿಸುತ್ತಾರೆ. ಆದ್ದರಿಂದ ದಸರೆಯ ಮರುದಿನ ಹೋಗುವುದೆಂದು ನಾನು ಶಾಸ್ತ್ರೀಯವಾಗಿ ತೀರ್ಮಾನಿಸಿದೆ. ಮಳೆ ನಿಂತಿರುತ್ತದೆ, ದಾರಿ ಒಣಗಿರುತ್ತದೆ, ಪೊಲೀಸರು ಇರುವುದಿಲ್ಲ. ನಾನು ಗೋಕಾಕದ ಮಗ್ಗುಲಿನ ಹಳ್ಳಿಯವನು. ದಸರೆಯ ಹೊತ್ತಿಗೂ ನಮ್ಮ ಘಟಪ್ರಭೆ ಬಂಡೆಯ ಮೇಲಿಂದ ಗುಡುಗುತ್ತ ಧುಮುಕುವುದನ್ನು ನೋಡುತ್ತಲೇ ಬೆಳೆದವನು. ಜಲಪಾತವೆಂದರೇನೆಂದು ನನಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಪಕ್ಕದ ಮನೆಯ ಪೂಜಾರಿಯವರು ಉಡುಪಿಯ ಕಡೆಯವರು, ವಾಶಿಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಕೂರುತ್ತಾರೆ. ಅವರು ಮಾತ್ರ ಸಣ್ಣ ಅನುಮಾನ ತೆಗೆದರು.

"ಅಲ್ಲ ಮಾರಾಯ್ರೆ, ಮಳೆ ಹೋಗಿ ದಿನ ಆಯ್ತಲ್ಲ. ಅಲ್ಲಿ ಈಗ ನೀರು ಉಂಟಾ?"

ನಾನು ಅವರಿಗೆ ಸಹ್ಯಾದ್ರಿಯ ರಚನೆಯಿಂದ ಆರಂಭಿಸಿ ವಿವರಿಸಿದೆ. ಅಂತರ್ಜಲಕ್ಕೆ ಬರುವಷ್ಟರಲ್ಲಿ ಅವರು, ನೀವು ಓದಿದವರು ನಿಮಗೆ ಗೊತ್ತುಂಟು ಎಂದು ಹೇಳಿ ಸರಸರ ಮೆಟ್ಟಿಲಿಳಿದು ಡ್ಯೂಟಿಗೆ ಹೋದರು. ಆ ಅವಸರವನ್ನು ನಾನು ಗೌರವವೆಂದು ತಿಳಿದೆ.

ಸಿದ್ಧತೆ ಜೋರಾಗಿ ನಡೆಯಿತು. ತೊಯ್ದರೆ ಬದಲಿಸಲು ಇಬ್ಬರಿಗೂ ಬಟ್ಟೆ, ಎರಡು ಟವೆಲ್. ಆಗಷ್ಟೇ ಕೊಂಡಿದ್ದ ಕ್ಯಾಮೆರಾ ಮೊಬೈಲಿಗೆ ಹಾಲಿನ ಪ್ಲಾಸ್ಟಿಕ್ ಚೀಲದ ಎರಡು ಸುತ್ತು. ಜಲಪಾತದ ತುಂತುರು ತಡೆಯಲು ದೊಡ್ಡ ಕರಿಯ ಕೊಡೆ. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಕಸ್ತೂರಿ ಎರಡು ಬಾಟಲಿ ನೀರು ತುಂಬಿಸಿದ್ದಳು. ನಾನು ಅವನ್ನು ತೆಗೆದು ಕಟ್ಟೆಯ ಮೇಲಿಟ್ಟೆ.

"ಗಂಗಿಗೆ ಹೋಗಾವರು ಕೊಡದಾಗ ನೀರು ಒಯ್ತಾರೇನ?" ಎಂದು ಕೇಳಿದೆ.

ಇಂಥ ಮಾತು ಹೊಳೆಯಬೇಕಾದರೆ ಪದವಿ ಬೇಕು.

ಲೋಕಲ್ ರೈಲು ಹಿಡಿದು ಖಾರಘರಿನಲ್ಲಿ ಇಳಿದು ರಿಕ್ಷಾ ಹತ್ತಿದೆವು. ರಿಕ್ಷಾದವನು ಒಮ್ಮೆ ನಮ್ಮ ಕೊಡೆಯನ್ನು, ಒಮ್ಮೆ ಆಕಾಶವನ್ನು ನೋಡಿದ. ಆಕಾಶ ತೊಳೆದಿಟ್ಟ ಸ್ಟೀಲ್ ತಟ್ಟೆಯಂತಿತ್ತು. ಇಲ್ಲಿಯವರು ಅಕ್ಟೋಬರ್ ಹೀಟ್ ಎಂದು ಕರೆಯುವ ಬಿಸಿಲು ಬೆಳಿಗ್ಗೆಯೇ ಕೆಲಸಕ್ಕೆ ಹಾಜರಾಗಿತ್ತು. ಗುಡ್ಡದ ಬುಡದಲ್ಲಿ ಮಳೆಗಾಲದಲ್ಲಿ ಸಾಲಾಗಿ ನಿಲ್ಲುವ ಸುಟ್ಟ ಮೆಕ್ಕೆಜೋಳದ ಭುಟ್ಟಾ ಗಾಡಿ, ಚಹಾದ ಗಾಡಿ ಒಂದೂ ಇರಲಿಲ್ಲ. ನೋಡು, ಗದ್ದಲವೇ ಇಲ್ಲ ಎಂದು ನಾನು ಕಸ್ತೂರಿಗೆ ತೋರಿಸಿದೆ. ನೀರಿನ ಸಪ್ಪಳವೂ ಇಲ್ಲಲ್ರಿ ಎಂದು ಆಕೆ ಹೇಳಿದಳು. ಗಾಳಿ ಆ ಕಡೆಗೆ ಬೀಸುತ್ತಿದೆ ಎಂದು ನಾನು ಸಮಾಧಾನ ಹೇಳಿದೆ. ಗಾಳಿ ಯಾವ ಕಡೆಗೂ ಬೀಸುತ್ತಿರಲಿಲ್ಲ.

ಸ್ವಲ್ಪ ಹತ್ತಿದ ಮೇಲೆ ಜಲಪಾತದ ಜಾಗ ಬಂತು. ಜಾಗ ಇತ್ತು. ಜಲಪಾತ ಇರಲಿಲ್ಲ. ಎತ್ತರದ ಕರಿಯ ಬಂಡೆ, ಅದರ ಮೇಲೆ ಒಣಗಿದ ಪಾಚಿ. ತಲೆಯೆತ್ತರದಲ್ಲಿ ಚಾಚಿಕೊಂಡಿದ್ದ ಒಂದು ಕಲ್ಲಿನ ಅಂಚಿನಿಂದ ಮಾತ್ರ, ಬಹಳ ಯೋಚನೆ ಮಾಡಿ, ಒಂದು ಹನಿ ಕೆಳಗೆ ಬೀಳುತ್ತಿತ್ತು.

ಆಗ ನನಗೆ ತಿಳಿಯಿತು. ಗೋಕಾಕದ್ದು ನದಿ. ದೂರದಿಂದ ಬರುತ್ತದೆ, ಮಳೆ ನಿಂತರೂ ಬರುತ್ತದೆ. ಇದು ಗುಡ್ಡದ ನೆತ್ತಿಯ ಮೇಲೆ ಬಿದ್ದ ಮಳೆ. ಮಳೆ ಹೋದರೆ ಹಿಂದೆಯೇ ಹೋಗುತ್ತದೆ. ಬಿ.ಎ. ಮೊದಲ ವರ್ಷದ ಪಾಠ. ಆ ಪಾಠ ನಡೆದ ಸಂಜೆ ಕುಸ್ತಿಯಲ್ಲಿ ನಿದ್ದೆ ಗೆದ್ದಿರಬೇಕು.

ತಿಳಿದದ್ದನ್ನು ಒಪ್ಪಿಕೊಳ್ಳುವುದು ಬೇರೆ ಮಾತು. ವರ್ಷಕ್ಕೊಂದೇ ದಿನ ಒಲೆ ಆರಿಸಿ ಬಂದವಳು ಪಕ್ಕದಲ್ಲಿ ನಿಂತಿದ್ದಳು. ನಾನು ಗಂಟಲು ಸರಿಪಡಿಸಿಕೊಂಡು, ಇದು ಸಣ್ಣದು, ದೊಡ್ಡದು ಮೇಲಿದೆ ಎಂದುಬಿಟ್ಟೆ.

ಮತ್ತೆ ಹತ್ತಿದೆವು. ಬಟ್ಟೆಯ ಚೀಲ ನನ್ನ ಬೆನ್ನಿಗೆ ಅಂಟಿಕೊಂಡಿತು. ತೊಯ್ದರೆ ಒರೆಸಲೆಂದು ತಂದಿದ್ದ ಟವೆಲ್ ಬೆವರಿಗೇ ತೊಯ್ದು ಹೋಯಿತು. ಕೊನೆಗೆ ಬಯಲಾದ ಒಂದು ಬಂಡೆಯ ಮೇಲೆ ಬಂದು ನಿಂತೆವು. ಕೆಳಗಿನ ಸೀಮೆಯೆಲ್ಲ ಕಾಣುತ್ತಿತ್ತು. ದೃಶ್ಯ ಎಂದರೆ ಇದು ಎನ್ನುತ್ತ ಕೈ ಚಾಚಿದೆ. ಚಾಚಿದ ಬೆರಳಿನ ನೇರಕ್ಕೆ ಬಿಸಿಲಿಗೆ ಹೊಳೆಯುತ್ತಿದ್ದುದು ಕಳಂಬೋಲಿಯ ಗೋಡೌನುಗಳ ತಗಡು.

"ನಿಮ್ಮ ಆಫೀಸ್ ಹೌದಲ್ರಿ?" ಎಂದಳು ಕಸ್ತೂರಿ.

ಹೌದು. ದಿನವೂ ಬಸ್ಸಿನಲ್ಲಿ ಕುಳಿತು ಹೋಗಿ ನೋಡುವುದನ್ನು ರಜೆ ಹಾಕಿ, ಗುಡ್ಡ ಹತ್ತಿ ನೋಡಿದೆ.

ಆಕೆ ಬೈಯಲಿಲ್ಲ. ಬೈದಿದ್ದರೆ ಬಿಸಿಲು ಸ್ವಲ್ಪ ಕಡಿಮೆಯಾಗುತ್ತಿತ್ತೇನೋ. ದೊಡ್ಡ ಜಲಪಾತ ಎಲ್ಲೆಂದು ಕೇಳದೆ ಇಳಿಯತೊಡಗಿದಳು. ಅದೇ ಕರಿಯ ಬಂಡೆಯ ಹತ್ತಿರ ಬಂದು, ಬುತ್ತಿ ಬಿಚ್ಚಿ ನನ್ನ ಮುಂದಿಟ್ಟು, ತಾನು ಆ ಚಾಚುಗಲ್ಲಿನ ಕೆಳಗೆ ಹೋಗಿ ಕಣ್ಣು ಮುಚ್ಚಿ ಕುಳಿತಳು. ಮುಂದಿನ ಹನಿಗಾಗಿ ಕಾದಳು. ನನಗೆ ನೋಡಲಾಗಲಿಲ್ಲ. ಹನಿಗೆ ಅಡ್ಡವಾಗದಂತೆ, ಬಿಸಿಲಿಗೆ ಮಾತ್ರ ಅಡ್ಡವಾಗುವಂತೆ ಕೊಡೆ ಬಿಚ್ಚಿ ಹಿಡಿದು ಪಕ್ಕದಲ್ಲಿ ನಿಂತೆ. ಬಿಡುವಿದ್ದ ಕೈಯಿಂದ ಒಂದು ದೊಡ್ಡ ತುತ್ತು ರೊಟ್ಟಿ, ಚಟ್ನಿಪುಡಿ ಬಾಯಿಗೆ ಹಾಕಿಕೊಂಡೆ.

ನೀರಿಲ್ಲದ ಬಾಯಿಗೆ ಖಡಕ್ ರೊಟ್ಟಿ ಮತ್ತು ಶೇಂಗಾ ಪುಡಿ ಸೇರಿದರೆ ಸಿಮೆಂಟು. ತುತ್ತು ಒಳಗೆ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಆ ಹೊತ್ತಿಗೇ ಮರಾಠಿ ಅಜ್ಜಿಯೊಬ್ಬರು ಮಗ, ಸೊಸೆಯೊಡನೆ ಮೇಲಿಂದ ಇಳಿದು ಬಂದರು. ಬಂಡೆಯ ಕೆಳಗೆ ಕಣ್ಣು ಮುಚ್ಚಿ ಕುಳಿತ ಹೆಂಗಸು, ಪಕ್ಕದಲ್ಲಿ ಕೊಡೆ ಹಿಡಿದು ಕೆನ್ನೆ ಉಬ್ಬಿಸಿ ನಿಂತ ಗಂಡಸು. ಅಜ್ಜಿ ಚಪ್ಪಲಿ ಬಿಟ್ಟರು.

"ಕುಠಲಾ ದೇವ ಹಾ?" ಎಂದು ಭಕ್ತಿಯಿಂದ ನನ್ನನ್ನೇ ಕೇಳಿದರು. ಇದು ಯಾವ ದೇವರು ಎಂದು!

ಏನೂ ಇಲ್ಲ ತಾಯಿ ಎನ್ನುವಂತೆ ಅಂಗೈ ಎತ್ತಿ ಅಲ್ಲಾಡಿಸಿದೆ. ಅಜ್ಜಿ ಅದನ್ನು ಆಶೀರ್ವಾದವೆಂದು ತಿಳಿದು ತಲೆ ಬಾಗಿದರು. ಇವರಿಗೆ ಮೌನವ್ರತ ಎಂದು ಸೊಸೆಗೆ ಮೆಲ್ಲಗೆ ಹೇಳಿದರು. ಅಷ್ಟರಲ್ಲಿ ಮಗನ ಕೈಯಲ್ಲಿದ್ದ ತುಂಬಿದ ಬಾಟಲಿ ನನ್ನ ಕಣ್ಣಿಗೆ ಬಿತ್ತು. ಜೀವಮಾನದಲ್ಲಿ ಅಷ್ಟು ಸುಂದರವಾದ ದೃಶ್ಯವನ್ನು ನಾನು ಕಂಡಿರಲಿಲ್ಲ. ಬಾಟಲಿಯತ್ತ ಬೆರಳು ತೋರಿಸಿ, ಹೆಬ್ಬೆರಳನ್ನು ಬಾಯಿಯ ಕಡೆಗೆ ತಂದೆ. ನನ್ನ ಬಾಯಿಯ ಹಿಂದೆಯೇ ಬಂಡೆ ಇತ್ತು.

ಅಜ್ಜಿಗೆ ಎಲ್ಲ ಅರ್ಥವಾಯಿತು. ಬಾಟಲಿ ಇಸಿದುಕೊಂಡು, ದೇವರ ನಾಮ ಹೇಳುತ್ತ, ಇಡೀ ನೀರನ್ನು ಚಾಚುಗಲ್ಲಿನ ಮೇಲೆ ಸುರಿದು ಅಭಿಷೇಕ ಮಾಡಿದರು. ನೀರು ಕಲ್ಲಿನ ಅಂಚಿಗೆ ಹರಿದು, ಅಲ್ಲಿಂದ ಧಾರೆಯಾಗಿ ಕಸ್ತೂರಿಯ ನೆತ್ತಿಯ ಮೇಲೆ ಬಿತ್ತು. ಆಕೆ ಬೆಚ್ಚಿದಳು, ಆದರೆ ಕಣ್ಣು ತೆರೆಯಲಿಲ್ಲ. ತಲೆಯನ್ನು ಇನ್ನಷ್ಟು ಮುಂದೆ ಚಾಚಿದಳು. ಕೂದಲು ತೊಯ್ದು, ಸೆರಗು ತೊಯ್ದು, ಮುಖದ ತುಂಬ ನಗು ಹರಡಿತು. ಅದನ್ನು ಕಂಡು ಅಜ್ಜಿಯ ಭಕ್ತಿ ಉಕ್ಕಿ, ಸೊಸೆಯ ಬಾಟಲಿಯೂ ಅದೇ ದಾರಿ ಹಿಡಿಯಿತು.

ನಾನು ಕೊಡೆ ಎಸೆದು, ನಾಚಿಕೆ ಬಿಟ್ಟು, ಹಕ್ಕಿಮರಿಯಂತೆ ಬಾಯಿ ತೆರೆದು ಧಾರೆಯ ಕೆಳಗೆ ತಲೆ ತಂದೆ. ಧಾರೆ ನಿಂತಿತ್ತು. ಅಜ್ಜಿ ಖಾಲಿ ಬಾಟಲಿಯನ್ನು ನನ್ನ ತಲೆಯ ಮೇಲೆ ಒಮ್ಮೆ ಕೊಡವಿ, ಕೈಮುಗಿದು, ಮಗ ಸೊಸೆಯೊಡನೆ ಗುಡ್ಡ ಇಳಿದರು.

ಕಸ್ತೂರಿ ಕೂದಲು ಹಿಂಡಿಕೊಳ್ಳುತ್ತ ಎದ್ದಳು.

"ಮುಂದಿನ ವರ್ಷಾನೂ ದಸರಿ ಮರುದಿನ ಇಲ್ಲೇ ಬರೂಣ್ರಿ," ಎಂದಳು. "ನೀವು ಮಾತ್ರ ಇವತ್ತಿನಂಗ ಬಾಯಿ ಮುಚ್ಚಿಕೊಂಡ ಇರ್ರಿ. ನೀವು ಸುಮ್ನಿದ್ರ ನೀರು ಬರತೈತಿ."

ಈ ಸಿದ್ಧಾಂತ ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಪ್ರತಿಭಟಿಸಬೇಕೆಂದುಕೊಂಡೆ. ತುತ್ತು ಇನ್ನೂ ಬಾಯಲ್ಲೇ ಇತ್ತು.