ಸಾಖರಪುಡಾಕ್ಕೆ ಹೊರಟ ಸೋರುವ ರೇಡಿಯೇಟರ್

ಅಶಿಸ್ತಿನವರ ಗಾಡಿ ನಡುದಾರಿಯಲ್ಲಿ ನಿಂತರೆ ಅದಕ್ಕೊಂದು ಕಾರಣವಿರುತ್ತದೆ. ಪ್ರತಿ ಶನಿವಾರ ಬಾನೆಟ್ ತೆಗೆದು ಒಣಬಟ್ಟೆಯಿಂದ ಒರೆಸುವ ನನ್ನಂಥವಳಿಗೂ ಇಂಥವು ಮೇಲಿಂದ ಮೇಲೆ ಏಕೆ ಆಗುತ್ತವೆ ಎಂಬುದು ಮಾತ್ರ ಇನ್ನೂ ತಿಳಿದಿಲ್ಲ. ಹೋದ ಬೇಸಿಗೆಯದೊಂದನ್ನೇ ಹೇಳುತ್ತೇನೆ.

೧. ಪೇಷಂಟಿನ ಚಾರ್ಟು

ಬೆಳಗಾವಿಯ ನೆಹರು ನಗರದ ನಮ್ಮ ಮನೆಯ ಪೋರ್ಚಿನಲ್ಲಿ ಒಂದು ಬೆಳಿಗ್ಗೆ ಕಾರಿನ ಮೂತಿಯ ಕೆಳಗೆ ಹಸಿರು ನೀರು ಕಂಡಿತು. ನಾನು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಏನಾದರೂ ಸೋರುವುದನ್ನು ಕಂಡರೆ ಗಾಬರಿಯಾಗುವುದಿಲ್ಲ, ಅಳೆಯುತ್ತೇನೆ. ಕೆಳಗೊಂದು ಎನಾಮೆಲ್ ಟ್ರೇ ಇಟ್ಟು, ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಎಂದು ನಾಲ್ಕು ತಾಸಿಗೊಮ್ಮೆ ಬರೆದೆ. ಎರಡು ದಿನ. ಬಣ್ಣ, ವಾಸನೆ ಸಹಿತ.

ಉದ್ಯಮಬಾಗದ ಮೆಕ್ಯಾನಿಕ್ಕನ ಕೈಗೆ ಎಲ್ಲಕ್ಕಿಂತ ಮೊದಲು ಈ ಚಾರ್ಟು ಕೊಟ್ಟೆ. ಅವನು ಕೈ ಒರೆಸಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿ, ದನಿ ತಗ್ಗಿಸಿ ಕೇಳಿದ:

“ಯಾವ ವಾರ್ಡಿನ್ಯಾಗ ಅದಾರ್ರಿ ಮೇಡಂ? ಉಳಿಯೂದು ಕಠಿಣ ಕಾಣತೈತಿ.”

ಪೇಷಂಟು ಬಾನೆಟ್ ತೆರೆದುಕೊಂಡು ಅವನ ಬೆನ್ನ ಹಿಂದೆಯೇ ನಿಂತಿತ್ತು.

೨. ಯಾವುದಾದರೂ ಒಂದು ಕಾಯಬೇಕು

ಅವನು ರೇಡಿಯೇಟರ್ ಬಿಚ್ಚಿ, ಬಾಯಿಗಳನ್ನು ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟ. ಮೂರು ಕಡೆ ಗುಳ್ಳೆ ಎದ್ದವು.

“ಬೆಸುಗಿ ನಿಲ್ಲೂದಿಲ್ರಿ. ತಗಡು ಸವದೈತಿ. ಹೊಸಾದು ಹಾಕಬೇಕು. ಪುಣೆಯಿಂದ ಮಂಗಳವಾರ ಬರ್ತೈತಿ.”

“ಭಾನುವಾರ ನನಗೆ ಗಾಡಿ ಬೇಕು” ಎಂದೆ.

ಬೇಕೇ ಬೇಕಿತ್ತು. ನಮ್ಮ ಮನೆಯ ಅಡುಗೆಯಾಕೆಗೆ, ನಾವು ‘ಬಾಯಿ’ ಎಂದು ಕರೆಯುವವಳಿಗೆ, ಒಬ್ಬನೇ ಮಗ. ಮೂವತ್ಮೂರು ವರ್ಷ, ಉದ್ಯಮಬಾಗದ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕೆಲಸ. ಮನೆಯಲ್ಲಿ ಹಿರಿಯರಿಲ್ಲ ಎಂಬ ನೆಪಕ್ಕೆ ಮೂರು ಸಂಬಂಧ ತಪ್ಪಿಹೋಗಿದ್ದವು. ನಾಲ್ಕನೆಯದು ಖಾನಾಪುರದಾಚೆಯ ಗುಂಜಿಯಲ್ಲಿ ಕೂಡಿಬಂದು, ಭಾನುವಾರ ಹನ್ನೊಂದಕ್ಕೆ ಸಾಖರಪುಡಾ ಗೊತ್ತಾಗಿತ್ತು. ಹುಡುಗಿಯ ಕೈಗೆ ಸಕ್ಕರೆಯ ಪುಡಿಕೆ ಕೊಟ್ಟರೆ ಸಂಬಂಧ ಗಟ್ಟಿ. ಬಾಯಿ ನನ್ನ ಮುಂದೆ ನಿಂತು ಕೇಳಿದ್ದಳು: “ಬಸ್ಸಿನಿಂದ ಇಳದ್ರ ಬೀಗರು ಏನಂದಾರ್ರಿ? ನಿಮ್ಮ ಗಾಡ್ಯಾಗ ನೀವೂ ಬಂದ್ರ, ನನ್ನ ಕಡಿಗೂ ಒಬ್ರು ಅದಾರ ಅಂದಂಗ ಆಗತದ.” ನಾನು ಮಾತು ಕೊಟ್ಟಿದ್ದೆ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ನಮ್ಮ ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ.

ಮೆಕ್ಯಾನಿಕ್ ತೂತುಗಳಿಗೆ ಅಂಟು ಮೆತ್ತಿ, ಬುದ್ಧಿ ಹೇಳಿದ: “ಎಂಜಿನ್ ಕಾಯ್ದ್ರ ಒಳಗಿನ ಹೀಟರ್ ಹಚ್ಚರಿ. ಕಾವು ಒಳಗ ಎಳಕೋತೈತಿ.”

“ಮೇ ತಿಂಗಳಲ್ಲಿ ಹೀಟರೇ?”

“ಯಾವುದರೇ ಒಂದು ಕಾಯಬೇಕಲ್ರಿ ಮೇಡಂ. ಎಂಜಿನ್, ಇಲ್ಲಾ ಮಂದಿ.”

೩. ಕೋಟು

ಭಾನುವಾರ ಎಂಟೂವರೆಗೆ ಹೊರಟೆವು. ಸ್ಟೇರಿಂಗ್ ಹಿಡಿದವಳು ನಾನು, ಪಕ್ಕದಲ್ಲಿ ಹೊಸ ಕೋಟು ತೊಟ್ಟ ವರ, ಹಿಂದಿನ ಸೀಟಿನಲ್ಲಿ ಬಾಯಿ. ಖಾನಾಪುರ ಇನ್ನೂ ದೂರವಿರುವಾಗಲೇ ಎಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪಿನ ಕಡೆಗೆ ಹೊರಟಿತು. ಹೀಟರ್ ಹಚ್ಚಿದೆ. ಕಿಟಕಿಯಿಂದ ಬಿಸಿಗಾಳಿ, ಕಾಲ ಬುಡದಿಂದ ಅದಕ್ಕಿಂತ ಬಿಸಿಗಾಳಿ.

ವರನ ಮೂಗಿನ ತುದಿಯಿಂದ ಬೆವರು ಹನಿಯತೊಡಗಿತು. ಅವನ ಕೈ ಕೋಟಿನ ಗುಂಡಿಯತ್ತ ಹೋಯಿತು. “ಬೀಗರ ಮನೆಗೆ ಮುದುಡಿದ ಕೋಟಿನಲ್ಲಿ ಹೋಗುವುದಿಲ್ಲ” ಎಂದೆ. ಕೈ ಕೆಳಗಿಳಿಯಿತು.

ಬಾಯಿ ಹಿಂದಿನಿಂದ ಸಮಾಧಾನ ಹೇಳಿದಳು: “ಅಂವ ಫೌಂಡ್ರಿಯಾಂವ್ರಿ ಮೇಡಂ. ಕಾವಿಗೆ ಹೆದರಂಗಿಲ್ಲ.”

“ಅವ್ವಾ,” ಎಂದ ಮಗ, “ಫೌಂಡ್ರ್ಯಾಗ ನಾವು ಕೋಟ್ ಹಾಕ್ಕೋಳಂಗಿಲ್ಲ.”

೪. ದಿನಕ್ಕೆ ಎಷ್ಟು ಸಲ

ಖಾನಾಪುರ ದಾಟಿ ಕಾಡಿನ ಮರಗಳು ಶುರುವಾಗುವಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಅಂಟು ಬಿಟ್ಟುಹೋಗಿತ್ತು. ವರ ಮುಚ್ಚಳಕ್ಕೆ ಕೈ ಹಾಕಲು ಹೋದ, ತಡೆದೆ. ಗಡಿಯಾರ ನೋಡಿ ಪೂರ್ತಿ ಇಪ್ಪತ್ತೈದು ನಿಮಿಷ ಆರಲು ಬಿಟ್ಟೆ. ಅಷ್ಟರಲ್ಲಿ ಅವನು ಹತ್ತಿರದ ಹೊಲದ ಮನೆಯಿಂದ ಎರಡು ಕೊಡ ನೀರು ತಂದ. ಹಾಕಿದ ನೀರು ಹಾಕಿದಂತೆಯೇ ಕೆಳಗಿಳಿಯಿತು.

“ನಮ್ಮ ಫೌಂಡ್ರಿಗೆ ಬರೂ ಲಾರಿಯವ್ರು ಇದಕ್ಕ ಅರಿಷಿಣ ಹಾಕ್ತಾರ್ರಿ,” ಎಂದ. “ತೂತಿನ್ಯಾಗ ಹೋಗಿ ಗಟ್ಟಿ ಕುಂದರತದ.”

ಅರಿಷಿಣ ಇದ್ದದ್ದು ಒಂದೇ ಕಡೆ, ಬಾಯಿಯ ಮಡಿಲಲ್ಲಿ. ಹುಡುಗಿಗೆ ಹಚ್ಚಲೆಂದು ಮನೆಯಲ್ಲೇ ಕುಟ್ಟಿದ ಅರ್ಧ ಕಿಲೋ ಹಳದಿ. ಬೆಳಗಾವಿಯಿಂದ ಅದನ್ನು ಕೂಸಿನ ಹಾಗೆ ಹಿಡಿದು ಕುಳಿತಿದ್ದಳು.

“ಹಳದಿ ಇಲ್ಲದ ಹೋದ್ರ ಸಾಖರಪುಡಾ ಆಗೂದಿಲ್ರಿ,” ಎಂದು ಅಳತೊಡಗಿದಳು. “ತಡಾ ಆದ್ರನೂ ಆಗೂದಿಲ್ಲ.”

ಆಗ ಹತ್ತೂ ಕಾಲು. “ಒಂದು ಮುಷ್ಟಿ ಇಟ್ಟುಕೋ, ಉಳಿದದ್ದು ಕೊಡು” ಎಂದೆ. ಡಾಕ್ಟರರು ಬರೆದುಕೊಡದೆ ಒಂದು ಗುಳಿಗೆಯನ್ನೂ ಕೊಡಬಾರದೆಂದು ಎಷ್ಟೋ ನರ್ಸುಗಳಿಗೆ ತಾಕೀತು ಮಾಡಿದ ನಾನು, ರಸ್ತೆಯ ಬದಿಯಲ್ಲಿ ನಿಂತು ಕಾರಿಗೆ ಚಮಚೆಯಿಂದ ಅರಿಷಿಣ ಹಾಕಿದೆ. ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಧಾರೆ ಹನಿಯಾಯಿತು. ಹನಿ ನಿಂತೇ ಹೋಯಿತು.

ಬಾಯಿ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. “ಮೇಡಂ, ಇದನ್ನ ದಿನಕ್ಕ ಎಷ್ಟ ಸಲ ಕೊಡಬೇಕ್ರಿ?”

೫. ಒಂದೇ ಪುಡಿಕೆಯ ಹಳದಿ

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಗುಂಜಿಯ ಅಂಗಳದಲ್ಲಿ ಇಳಿದೆವು. ಆ ಮನೆಯಲ್ಲಿ ನಡೆಯುವುದು ಹುಡುಗಿಯ ಅಜ್ಜಿಯ ಮಾತು. ಅಜ್ಜಿ ತಟ್ಟೆಯಲ್ಲಿದ್ದ ಒಂದು ಮುಷ್ಟಿಯನ್ನು ನೋಡಿ, “ಹಳದಿ ಇಷ್ಟ ಏನು?” ಎಂದಳು.

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. “ಉಳಿದದ್ದು ಕಾರಿಗೆ ಹಾಕಿದ್ದೇವೆ” ಎಂದೆ.

ಅಜ್ಜಿ ಕೋಲೂರಿ ಅಂಗಳಕ್ಕಿಳಿದಳು. ಕಾರಿನ ಮೂತಿಯ ಮೇಲೆ ಹಳದಿ ಕಲೆಗಳಿದ್ದವು. ಬಗ್ಗಿ ನೋಡಿದಳು, ಮೂಸಿದಳು, ಒಂದು ಸುತ್ತು ಬಂದಳು. ಬಾಯಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅಜ್ಜಿ ಕುಂಕುಮ ತರಿಸಿ ಬಾನೆಟ್ಟಿಗೆ ಹಚ್ಚಿ, “ನಡೀರಿ, ಒಳಗ ಕುಂದರ್ರಿ. ವ್ಯಾಳ್ಯಾ ಆತು” ಎಂದಳು.

ಹಳದಿ ಹತ್ತಿತು, ಸಕ್ಕರೆಯ ಪುಡಿಕೆ ಹುಡುಗಿಯ ಕೈ ಸೇರಿತು. ಇಪ್ಪತ್ತೊಂದನೆಯ ದಿನಕ್ಕೆ ಮದುವೆ ಎಂದು ಗೊತ್ತಾಯಿತು. ಊಟ ಮುಗಿಸಿ ಹೊರಗೆ ಬಂದರೆ ಕಾರಿನ ಮುಂದೆ ಕುರ್ಚಿ ಹಾಕಿಕೊಂಡು ಅಜ್ಜಿ ಕುಳಿತಿದ್ದಳು.

“ಗಾಡಿ ಬರೂದಿಲ್ರಿ. ನಮ್ಮ ಮನ್ಯಾಗ ಸಾಖರಪುಡಾದ ಹಳದಿ ಹತ್ತಿದವ್ರು ಮದುವಿ ತನಕಾ ಊರಿನ ಶೀಮಿ ದಾಟಂಗಿಲ್ಲ.”

“ಆ ನಿಯಮ ಹುಡುಗಿಗೆ, ಅಜ್ಜಿ. ಇದು ಕಾರು.”

“ಹಳದಿ ಒಂದ ಪುಡಕ್ಯಾಂದು. ಹುಡಿಗಿಗಿ ಒಂದು ನ್ಯಾಯ, ಗಾಡಿಗಿ ಒಂದು ನ್ಯಾಯ ಏನು? ನಾಳಿ ಗಾಡಿಗಿ ಏನರೇ ಆತಂದ್ರ ಖರೇ ಹೇಳ್ರಿ, ಕೆಟ್ಟ ಹೆಸರು ಯಾರಿಗಿ? ಹೊಸಾ ಸೊಸಿಗಿ!”

ನನ್ನಲ್ಲಿ ಉತ್ತರಗಳು ಸಾಲಾಗಿ ಸಿದ್ಧವಿದ್ದವು. ಬಾಯಿಯ ಕಡೆ ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಕೀಲಿಕೈಯನ್ನು ಅಜ್ಜಿಯ ಅಂಗೈಯಲ್ಲಿಟ್ಟು, ಗುಂಜಿ ಸ್ಟೇಷನ್ನಿಗೆ ನಡೆದು, ಮೂವರೂ ಪ್ಯಾಸೆಂಜರ್ ರೈಲು ಹತ್ತಿದೆವು. ವರ ಆಗ ಕೋಟು ತೆಗೆದ. ನಾನು ನೋಡದಂತೆ ಇದ್ದೆ.

ಇಪ್ಪತ್ತೊಂದನೆಯ ದಿನ ಮದುವೆಗೂ ರೈಲಿನಲ್ಲೇ ಹೋದೆವು. ಕಾರು ಚಪ್ಪರದ ನೆರಳಲ್ಲಿ ಮೈ ತೊಳೆಸಿಕೊಂಡು, ಕನ್ನಡಿಗೆ ಮಾವಿನೆಲೆ ಕಟ್ಟಿಸಿಕೊಂಡು ನಿಂತಿತ್ತು. ಅಜ್ಜಿ ಎರಡೂ ಕೈಗಳಿಂದ ನನ್ನ ಕೈ ಹಿಡಿದಳು.

“ಭಾಳ ಗುಣದ ಗಾಡಿ ಬಿಡ್ರಿ ಅಕ್ಕಾರ. ಇಷ್ಟ ದಿನದಾಗ ಅಂಗಳ ಬಿಟ್ಟು ಒಂದ ಹೆಜ್ಜಿ ಹೊರಗ ಇಟ್ಟಿಲ್ಲ.”

ನಂತರ ಮಂಟಪದ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು:

“ನಮ್ಮ ಹುಡಿಗೀನೇ ಎರಡ ಸಲ ಪಾರ್ಲರಿಗಂತ ಖಾನಾಪುರಕ್ಕ ಹೋಗಿ ಬಂದಾಳ.”