ಭಾವನ ಸರಿಗಮ ಪುಸ್ತಕ ಮತ್ತು ಮೇಲಿನ ಮನೆಯ ಹಾರ್ಪ್

ನಮ್ಮ ಭಾವನ ಪ್ರಕಾರ ಜಗತ್ತಿನ ಧಾಟಿಗಳೆಲ್ಲ ಹುಟ್ಟಿದ್ದು ಮೈಸೂರಿನಲ್ಲಿ. ಉಳಿದ ದೇಶಗಳು ಕೇಳಿಸಿಕೊಂಡವು, ಅಷ್ಟೇ! ರಾಟರ್‌ಡ್ಯಾಮ್ ಪಕ್ಕದ ಕಾಪೆಲ್ಲೆಯಲ್ಲಿ ಅವರು ಸಾಫ್ಟ್‌ವೇರ್ ಟೆಸ್ಟರ್. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಪಿಟೀಲು ಕಲಿತದ್ದರ ಫಲವಾಗಿ ಜೇಬಿನಲ್ಲಿ ಸದಾ ಒಂದು ನೋಟ್‌ಪುಸ್ತಕ ಇರುತ್ತದೆ. ಕಿವಿಗೆ ಬಿದ್ದದ್ದೆಲ್ಲ ಅದರಲ್ಲಿ ಸರಿಗಮವಾಗಿ ಇಳಿಯಬೇಕು, ಪಕ್ಕದಲ್ಲಿ ‘ಮೂಲ’ ಎಂಬ ಕಾಲಂ ತುಂಬಬೇಕು. ಮೆಟ್ರೋ ಬಾಗಿಲು ಮುಚ್ಚುವ ಸದ್ದನ್ನೂ ಬಿಟ್ಟಿಲ್ಲ. ಅದನ್ನು ಬರೆದುಕೊಳ್ಳುತ್ತಾ ನಿಂತು ಎಷ್ಟು ಮೆಟ್ರೋ ತಪ್ಪಿಸಿಕೊಂಡಿದ್ದಾರೋ!

“ಅಪೊಥೇಕ್‌ಗೆ ಹೋಗಿ ಮಾತ್ರೆ ತನ್ನಿ ಅಂದ್ರೆ, ಅಲ್ಲಿನ ಟೋಕನ್ ಬೆಲ್ಲಿನ ಸ್ವರ ತಂದಿದಾರೆ ಕಣೇ,” ಎಂದು ಅಕ್ಕ ನನ್ನ ಬಳಿ ದೂರುತ್ತಾಳೆ. ನಾನು ಮಾಸ್ಟ್ರಿಕ್ಟ್‌ನಲ್ಲಿ ಓದುವವಳು. ಶನಿವಾರ ಇವರ ಮನೆಗೆ ಬರುವುದೇ ಅಕ್ಕನ ಸಾರನ್ನಕ್ಕೆ ಮತ್ತು ಈ ಮನರಂಜನೆಗೆ.

ಮೇಲಿನ ಮನೆಯಲ್ಲಿ ಒಬ್ಬ ಐರಿಶ್ ಅಜ್ಜಿ. ಒಂದು ಶನಿವಾರ ಅವರು ಹಾರ್ಪಿನಲ್ಲಿ ನುಡಿಸಿದ ಹಳೆಯ ಧಾಟಿಯೊಂದನ್ನು ಕೇಳಿ ಭಾವ ತಟ್ಟೆ ಬಿಟ್ಟು ಎದ್ದರು. “ಇದು ನಮ್ಮಜ್ಜಿ ಮದುವೆ ಮನೇಲಿ ಹೇಳ್ತಿದ್ದ ಆರತಿ ಹಾಡು!” ಸಾರನ್ನದ ಕೈಯಲ್ಲೇ ಮೆಟ್ಟಿಲು ಹತ್ತಿದರು.

ಅಜ್ಜಿಯ ಕಥೆಯೇ ಬೇರೆ. ಊರೂರು ಅಲೆಯುತ್ತಿದ್ದ ಕುರುಡು ಹಾರ್ಪ್ ವಾದಕನೊಬ್ಬ ಮಳೆಗೆ ಸಿಕ್ಕಿ ಅವರ ಹಿರಿಯರ ಮನೆಯಲ್ಲಿ ಮೂರು ದಿನ ತಂಗಿದ್ದನಂತೆ. ಹೊರಡುವಾಗ, ತನಗೆ ಊಟ ಬಡಿಸಿದ ಹುಡುಗಿಗೆ ಈ ಧಾಟಿ ಕಟ್ಟಿಕೊಟ್ಟನಂತೆ. ಅಂದಿನಿಂದ ಅದು ತಾಯಿಯಿಂದ ಮಗಳಿಗೆ, ಕಿವಿಯಿಂದ ಕಿವಿಗೆ. ಬರೆಯುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. ಈ ಅಜ್ಜಿಗೆ ಮಕ್ಕಳಿಲ್ಲ.

“ಆ ಕುರುಡನಿಗೆ ಹೇಳಿಕೊಟ್ಟೋರು ಯಾರು? ಶ್ರೀರಂಗಪಟ್ಟಣದ ಯುದ್ಧ ಮುಗಿಸಿ ವಾಪಸ್ ಹೋದ ಯಾವನೋ ಐರಿಶ್ ಸಿಪಾಯಿ!” ಎಂದು ಭಾವ ಕೆಳಗಿಳಿದು ಬಂದು ತೀರ್ಪು ಕೊಟ್ಟರು.

“ಸಿಪಾಯಿಗೆ ಆರತಿ ಎತ್ತಿದ್ದು ಯಾರು ಭಾವ?” ಎಂದೆ.

“ನೀನು ಹೋಗಿ ಥೀಸಿಸ್ ಬರಿ.”

ಸಾಕ್ಷಿಗೆಂದು ಎರಡು ತಿಂಗಳು ಅಜ್ಜಿಯಿಂದ ಮತ್ತೆ ಮತ್ತೆ ನುಡಿಸಿಸಿ ಬರೆದುಕೊಂಡರು. ಅಜ್ಜಿ ಒಪ್ಪಿದ್ದೂ ಕನ್ನಡ ಅಕ್ಷರ ನೋಡಿಯೇ. ಈ ಸುರುಳಿಗಳನ್ನು ಓದುವವರು ಯಾರು, ಇದು ಬರೆದಂತೆಯೇ ಅಲ್ಲ ಎಂದು ನಕ್ಕರಂತೆ. ಮೂಲದ ಕಾಲಂನಲ್ಲಿ ಭಾವ ದಪ್ಪಕ್ಷರದಲ್ಲಿ ಬರೆದರು: ಮೈಸೂರು, ಖಚಿತ.

ಚಳಿಗಾಲದಲ್ಲಿ ಅಜ್ಜಿಗೆ ಸ್ಟ್ರೋಕ್ ಆಯಿತು. ಮಾತು ಮರಳಿತು, ಕೈ ಮರಳಿತು, ಧಾಟಿಯ ಮೊದಲರ್ಧವೂ ಮರಳಿತು. ಉಳಿದರ್ಧ ಮರಳಲಿಲ್ಲ. ದಿನವೂ ಅದೇ ಜಾಗಕ್ಕೆ ಬಂದು ಹಾರ್ಪ್ ನಿಂತುಹೋಗುವುದು ಕೆಳಗೆ ಅವರಿಬ್ಬರಿಗೆ, ಶನಿವಾರ ನನಗೂ, ಕೇಳಿಸುತ್ತಿತ್ತು. ಭಾವ ಊಟ ಮಾಡುತ್ತಿರಲಿಲ್ಲ.

ಒಂದು ಭಾನುವಾರ ಅವರು ಪುಸ್ತಕ ಹಿಡಿದು ಮೇಲೆ ಹೋದರು. ಹಿಂದೆಯೇ ನಾವಿಬ್ಬರು. ಜನ್ಮದಲ್ಲಿ ಯಾರೆದುರೂ ಬಾಯಿ ಬಿಟ್ಟು ಹಾಡದ ಮನುಷ್ಯ, ಒಡಕು ಗಂಟಲಲ್ಲಿ “ಪ ದ ಸಾ…” ಎಂದು ಶುರು ಮಾಡಿಯೇ ಬಿಟ್ಟರು! ನಡುವೆ ನಿಲ್ಲಿಸಿ, ಇಲ್ಲಿ ನೀವು ಒಂದು ಉಸಿರು ತೆಗೆದುಕೊಳ್ಳುತ್ತಿದ್ದಿರಿ ಎಂದು ಇಂಗ್ಲಿಷಿನಲ್ಲಿ ನೆನಪಿಸಿದರು. ಅದನ್ನೂ ಬರೆದುಕೊಂಡಿದ್ದರು.

ಅಜ್ಜಿಯ ಬೆರಳು ತಂತಿಗಳ ಮೇಲೆ ತಡಕಾಡಿತು, ಎರಡು ಸಲ ತಪ್ಪಿತು, ಆಮೇಲೆ ಹಿಡಿಯಿತು. ಕೊನೆಯವರೆಗೂ ಹೋಯಿತು. ನಾನು ನಾಚಿಕೆ ಬಿಟ್ಟು ಅತ್ತೆ. ನಾಳೆಯಿಂದ ಕಲಿಯಲು ಬನ್ನಿ ಎಂದು ಅಜ್ಜಿ ಅಕ್ಕನ ಕೈ ಹಿಡಿದುಕೊಂಡರು.

ಇಳಿಯುವಾಗ ಭಾವ ಮೆಟ್ಟಿಲ ಮೇಲೆ ನಿಂತು ಪುಸ್ತಕ ತೆರೆದು ಏನನ್ನೋ ಹೊಡೆದುಹಾಕಿದರು. ಭುಜದ ಮೇಲಿಂದ ಇಣುಕಿದೆ. ‘ಮೈಸೂರು, ಖಚಿತ’ ಇದ್ದ ಕಡೆ ಈಗ ‘ಮೇಲಿನ ಮನೆ ಅಜ್ಜಿ’ ಎಂದಿತ್ತು.