ರೆಕಾರ್ಡಿನ ಮುಳ್ಳು, ಹೆಂಡತಿಯ ನಡಿಗೆ

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ನನ್ನ ಹೆಂಡತಿಯ ಬಗ್ಗೆ ಒಂದೇ ಒಂದು ಸಲ ಬಾಯಿಬಿಟ್ಟು ಅಭಿಪ್ರಾಯ ಹೇಳಿದೆ. ಅದೂ ಬೈಗುಳವಲ್ಲ, ಶುದ್ಧ ತಾಂತ್ರಿಕ ಅಭಿಪ್ರಾಯ. ಅದರಿಂದ ಆದ ಅನಾಹುತವನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ. ಮನೆಯಲ್ಲಿ ಹೇಳಿಕೊಳ್ಳೋಣವೆಂದರೆ ಅಲ್ಲಿರುವ ಮೂವರೂ ಎದುರು ಪಕ್ಷದವರು.

ನಾನು ಬಡಗಿ. ಕೆಳಗೆ ನನ್ನ ಕಾರ್ಖಾನೆ, ಮೇಲೆ ನಮ್ಮ ಮನೆ. ಬಾಗಿಲು, ಕಪಾಟು, ಮೆಟ್ಟಿಲು ಎಲ್ಲ ಮಾಡುತ್ತೇನೆ. ಆದರೆ ಮರದ ನೆಲ ಹಾಕುವುದರಲ್ಲಿ ಮಾತ್ರ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಅಂತ ಊರಲ್ಲಿ ಹೆಸರಿದೆ. (ಆ ಹೆಸರನ್ನು ಊರೆಲ್ಲ ಹಬ್ಬಿಸಿದವನೂ ನಾನೇ, ಅದು ಬೇರೆ ವಿಷಯ.) ನಮ್ಮ ಮನೆಯ ನೆಲವೂ ನನ್ನ ಕೈಯಿಂದಲೇ ಆದದ್ದು.

ಹೋದ ತಿಂಗಳು ಪೇಟೆ ಬೀದಿಯ ಹೊಸ ಅಂಗಡಿಯೊಂದಕ್ಕೆ ಕಪಾಟು ಮಾಡಿಕೊಡುವ ಕೆಲಸ ಬಂತು. ಏನು ಅಂಗಡಿ ಅಂತೀರಿ? ರೆಕಾರ್ಡ್ ಅಂಗಡಿ. ಊಟದ ತಟ್ಟೆಯಷ್ಟು ಅಗಲದ, ಕರಿ ಕರಿ, ಮುಳ್ಳು ಇಟ್ಟರೆ ಹಾಡುವ ಅದೇ ಹಳೇ ರೆಕಾರ್ಡು! ನಾನು ಚಡ್ಡಿ ಹಾಕುತ್ತಿದ್ದ ಕಾಲಕ್ಕೇ ಜನ ಅವನ್ನು ಅಟ್ಟಕ್ಕೆ ಎಸೆದು ಕ್ಯಾಸೆಟ್ಟಿನ ಹಿಂದೆ ಹೋಗಿದ್ದರು. ಈಗ ನೋಡಿದರೆ ಬಾಗಿಲು ತೆಗೆಯುವ ಮೊದಲೇ ಕಾಲೇಜಿನ ಮಕ್ಕಳು ಸಾಲುಗಟ್ಟಿ ನಿಂತಿದ್ದಾರೆ. ಕೈಯಲ್ಲಿ ಫೋನು ಹಿಡಿದುಕೊಂಡೇ ಹುಟ್ಟಿದ ಮಕ್ಕಳು, ರೆಕಾರ್ಡಿನ ಹೊದಿಕೆಯನ್ನು ಎಳೆ ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗುತ್ತಿದ್ದಾರೆ.

ಅಂಗಡಿಯಾಕೆಗೆ ಮೂವತ್ತರ ಒಳಗಿನ ವಯಸ್ಸು, ಮಾತು ಕಡಿಮೆ. ನಾನು ಕಪಾಟಿನ ಹಲಗೆಗೆ ರಂದ ಹೊಡೆದು ನಯಮಾಡುತ್ತಿದ್ದಾಗ ಒಂದು ಕೊಳಲಿನ ರೆಕಾರ್ಡ್ ಹಾಕಿದಳು. ಏನಾಯಿತೋ ಗೊತ್ತಿಲ್ಲ, ರಂದ ಕೈಯಲ್ಲೇ ನಿಂತಿತು. ಹಾಡು ಮುಗಿದಾಗ ನೋಡುತ್ತೇನೆ, ಬಾಯಿ ತೆರೆದುಕೊಂಡೇ ಇದ್ದೇನೆ, ಬಾಯೊಳಗೆ ಮರದ ಹೊಟ್ಟು.

"ಫೋನಿನಲ್ಲಿ ಹಾಡು ಹಾದುಹೋಗುತ್ತೆ ಮೇಸ್ತ್ರಿ. ಇದರಲ್ಲಿ ಬಂದು ಕೂತುಕೊಳ್ಳುತ್ತೆ," ಅಂದಳು.

ಕೆಲಸ ಮುಗಿದ ದಿನ ಆಕೆ ಆ ಕೊಳಲಿನ ರೆಕಾರ್ಡನ್ನೂ ಒಂದು ಹಳೇ ಪ್ಲೇಯರನ್ನೂ ನನ್ನ ಕೈಗಿಟ್ಟಳು. "ಅಂಗಡಿಯ ಮಹಡಿಯಲ್ಲಿ ಜನ ಕೂತು ಕೇಳೋದಕ್ಕೆ ಒಂದು ಕೋಣೆ ಮಾಡಿಸಬೇಕು. ಮರದ ನೆಲ. ಆಮೇಲೆ ಮಾತಾಡೋಣ," ಅಂತಲೂ ಅಂದಳು. ನಾನು ಮನೆಗೆ ನಡೆದು ಬಂದೆನೋ ತೇಲಿ ಬಂದೆನೋ ನೆನಪಿಲ್ಲ.

ಮನೆಯಲ್ಲಿ ಮೊದಲು ಎದುರಾದವಳು ಹದಿನೈದು ವರ್ಷದ ಮಗಳು.

"ಅಪ್ಪಾ, ಇದರಲ್ಲಿ ಎಷ್ಟು ಹಾಡಿದೆ?"

"ಈ ಮಗ್ಗುಲಿಗೆ ಮೂರು, ಆ ಮಗ್ಗುಲಿಗೆ ಮೂರು."

"ನನ್ನ ಫೋನಲ್ಲಿ ಕೋಟಿ ಇದೆ."

"ಕೋಟಿ ಇದ್ದು ಏನು ಬಂತು? ಹತ್ತು ಸೆಕೆಂಡು ಕೇಳ್ತೀಯ, ಬೆರಳಲ್ಲಿ ಮುಂದಕ್ಕೆ ತಳ್ತೀಯ. ಹಾಡಿಗೂ ಒಂದು ಮರ್ಯಾದೆ ಬೇಡ್ವಾ?" ಅಂತ ಶುರುಮಾಡಿ, ಸೋಫಾದ ಪಕ್ಕದಲ್ಲಿ ನಿಂತು ಸಮಗ್ರ ಸಂಗೀತ ಸಾಧನಗಳ ಇತಿಹಾಸವನ್ನೇ ಉಪನ್ಯಾಸ ಕೊಟ್ಟೆ. ಕ್ಯಾಸೆಟ್ಟು ಬಂತು. ಅದು ಕರುಳು ಕಕ್ಕಿಕೊಂಡು ಸಾಯುತ್ತಿತ್ತು, ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ನಮ್ಮ ಯೌವನವೇ ಸವೆದುಹೋಯಿತು. ಸಿ.ಡಿ. ಬಂತು. ಅದು ಕೊನೆಗೆ ಕಿಟಕಿಯಲ್ಲಿ ತೂಗಾಡುತ್ತಾ ಪಾರಿವಾಳ ಓಡಿಸುವ ಕೆಲಸಕ್ಕೆ ಸೇರಿತು. ಫೋನಿನ ಹಾಡನ್ನಂತೂ ಮುಟ್ಟುವ ಹಾಗಿಲ್ಲ, ಇಡುವ ಹಾಗಿಲ್ಲ. ಅದು ಇದೆಯೋ ಇಲ್ಲವೋ ಅದಕ್ಕೇ ಗೊತ್ತಿಲ್ಲ. "ಇನ್ನು ಮುಂದೆ ಈ ಮನೆಯಲ್ಲಿ ಸಂಗೀತ ಅಂದರೆ ರೆಕಾರ್ಡು!" ಅಂತ ಘೋಷಿಸಿ ಮುಳ್ಳು ಇಟ್ಟೆ.

ಕೊಳಲು ಶುರುವಾಯಿತು. ಮೆಲ್ಲಗೆ ಮೇಲೇರಿತು, ಇನ್ನೂ ಏರಿತು. ಮಗಳು ಕೂಡ ಕಿವಿಯಿಂದ ಇಯರ್‌ಫೋನು ತೆಗೆದಳು. ಆಗ ನನ್ನ ಹೆಂಡತಿ ಡ್ಯೂಟಿ ಮುಗಿಸಿಕೊಂಡು ಬಂದಳು.

ಅವಳು ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸು. ಉದ್ದುದ್ದ ವರಾಂಡಗಳಲ್ಲಿ ಇಪ್ಪತ್ತು ವರ್ಷ ನಡೆದು ಪಳಗಿದ ಕಾಲು. ಅವಳ ಜೊತೆ ಮಾರ್ಕೆಟ್ಟಿಗೆ ಹೋದರೆ ನಾನು ಅರ್ಧ ದಾರಿ ಓಡಬೇಕು. ಬಾಗಿಲಿಂದ ಅಡಿಗೆಮನೆಗೆ ಹತ್ತು ಹೆಜ್ಜೆ. ಧಡ್, ಧಡ್, ಧಡ್! ಮುಳ್ಳು ಎಗರಿತು. ಕೊಳಲು ನುಡಿಸುತ್ತಿದ್ದ ಪುಣ್ಯಾತ್ಮರು ಏಣಿಯ ತುದಿಯಿಂದ ಜಾರಿ ಕೆಳಗಿನ ಮೆಟ್ಟಿಲಿಗೆ ಬಿದ್ದು, ಪಾಪ, ಮತ್ತೆ ಮೊದಲಿಂದ ಹತ್ತತೊಡಗಿದರು. ಅವಳು ನೀರು ಕುಡಿದು ವಾಪಸ್ ಬಂದಳು. ಮತ್ತೆ ಬಿದ್ದರು.

"ಏನ್ರೀ ಅದು, ಬಿಕ್ಕಳಿಸ್ತಾ ಇದೆ?"

"ನೀನು ನಡೆದಿದ್ದಕ್ಕೆ ಮುಳ್ಳು ಹಾರ್ತಿದೆ."

"ನಾನು ನಡೆದಿದ್ದಕ್ಕಾ, ನಿಮ್ಮ ನೆಲ ಅಲ್ಲಾಡಿದ್ದಕ್ಕಾ?"

ನನ್ನ ನೆಲ! ಅಲ್ಲಾಡುವುದು! ಇಷ್ಟು ವರ್ಷ ಕಾಪಾಡಿಕೊಂಡು ಬಂದ ತಾಳ್ಮೆ ಹಾರಿಹೋಯಿತು.

"ನೆಲ ಸರಿಯಾಗೇ ಇದೆ ಕಣೇ. ನಿನ್ನ ನಡಿಗೆ ಸರಿ ಇಲ್ಲ!"

ಒಳಕೋಣೆಯಲ್ಲಿ ಕೋಲಿನ ಸದ್ದಾಯಿತು. ನಮ್ಮತ್ತೆ ಎದ್ದರು. ಅವರಿಗೆ ಕಿವಿ ಸ್ವಲ್ಪ ಮಂದ, ಅದರಲ್ಲೂ ಬೇಡದ್ದು ಮಾತ್ರ ಅರ್ಧ ಕೇಳಿಸುತ್ತದೆ.

"ಏನಂದ್ರು? ನನ್ನ ಮಗಳ ನಡತೆ ಸರಿ ಇಲ್ಲ ಅಂದ್ರಾ? ಅಳಿಯಂದ್ರೇ, ಇಪ್ಪತ್ತೆರಡು ವರ್ಷ ಆದಮೇಲೆ ಈ ಮಾತಾ?"

"ಅಯ್ಯೋ, ನಡತೆ ಅಲ್ಲ ಅತ್ತೇ! ನಡಿಗೆ! ನಡಿಗೆ!"

"ಅಡಿಗೆನೂ ಸರಿ ಇಲ್ವಾ?"

ಅಷ್ಟು ಹೊತ್ತಿಗೆ ಹೆಂಡತಿ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಅವಳು ಕಿರುಚಿದ್ದರೆ ನಾನು ಹೆದರುತ್ತಿರಲಿಲ್ಲ. ಅವಳು ನಕ್ಕಳು.

"ಸರಿ ಕಣ್ರೀ. ನಿಮ್ಮ ತಟ್ಟೆ ತಿರುಗೋವಷ್ಟು ಹೊತ್ತು ನಾನು ಒಂದು ಹೆಜ್ಜೆನೂ ಇಡೋಲ್ಲ. ಹಾಕಿ, ಕೇಳೋಣ."

ಮಾರನೆಯ ಸಂಜೆಯಿಂದ ಇದು ಜಾರಿಗೆ ಬಂತು. ನಾನು ಮುಳ್ಳು ಇಟ್ಟ ಕೂಡಲೇ ಅವಳು ಕಾಲು ಮೇಲೆ ಕಾಲು ಹಾಕಿಕೊಂಡು ಕೂತುಬಿಡುವಳು. ಅತ್ತೆ ಅವಳ ಈ ಪಕ್ಕದಲ್ಲಿ, ಮಗಳು ಆ ಪಕ್ಕದಲ್ಲಿ. ಒಲೆಯ ಮೇಲೆ ಹಾಲು ಬುಸುಗುಟ್ಟಿತು. ಮೂವರೂ ಅಲ್ಲಾಡಲಿಲ್ಲ. ನಾನು ಎದ್ದು ಓಡಿದೆ. ಧಡ್ ಧಡ್ ಧಡ್! ಕೊಳಲು ಬಿದ್ದಿತು. ಯಾರೋ ಬಾಗಿಲು ಬಡಿದರು, ನಾನೇ ಓಡಿದೆ, ಕೊಳಲು ಮತ್ತೆ ಬಿದ್ದಿತು. ಅತ್ತೆಯ ಕನ್ನಡಕ ಒಳಗಿತ್ತು, ಮಗಳ ಬಟ್ಟೆ ಮಳೆಯಲ್ಲಿ ಒದ್ದೆಯಾಗುತ್ತಿತ್ತು. ಎಲ್ಲದಕ್ಕೂ ನಾನೇ ಓಡಿದೆ.

"ಈಗ ಎಗರಿದ್ದು ಯಾರ ನಡಿಗೆಗೆ ರೀ?" ಅಂತ ಹೆಂಡತಿ ಬಹಳ ವಿನಯದಿಂದ ಕೇಳಿದಳು.

ನಾನು ಸೋಲುವವನಲ್ಲ. ಪ್ಲೇಯರಿನ ನಾಲ್ಕು ಕಾಲಿಗೂ ರಬ್ಬರ್ ಚೆಂಡನ್ನು ಅರ್ಧ ಕೊಯ್ದು ಇಟ್ಟೆ. ಅದು ದೋಣಿಯ ಹಾಗೆ ತೂಗಾಡಿತು. ಚೆಂಡು ತೆಗೆದು ಕಲ್ಲಿನ ಚಪ್ಪಡಿ ಹೊತ್ತುತಂದೆ. ಬೆನ್ನು ಉಳುಕಿತು, ಮುಳ್ಳು ಎಗರುವುದು ನಿಲ್ಲಲಿಲ್ಲ. ನೆಲದ ಸಹವಾಸವೇ ಬೇಡ ಅಂತ ಸೂರಿಗೆ ನಾಲ್ಕು ಹಗ್ಗ ಕಟ್ಟಿ ಹಲಗೆ ತೂಗುಬಿಟ್ಟು ಅದರ ಮೇಲೆ ಪ್ಲೇಯರ್ ಇಟ್ಟೆ. ಇದು ಗೆದ್ದಿತು ಅನ್ನುವಷ್ಟರಲ್ಲಿ ಅತ್ತೆ ಬಂದು ಪಕ್ಕದಲ್ಲಿ ಕೂತರು. ನಾಲ್ಕು ಹಗ್ಗ, ನಡುವೆ ಹಲಗೆ. ಅವರ ಕೈ ತಾನಾಗಿಯೇ ಹೋಗಿ ತೂಗತೊಡಗಿತು.

"ಅತ್ತೇ, ಅದು ತೊಟ್ಟಿಲಲ್ಲ!"

"ಅಳೋದು ನಿಲ್ಲಿಸಲಿ ಅಂತ ತೂಗಿದೆ ಅಳಿಯಂದ್ರೇ," ಅಂದರು ಅವರು.

ಹೀಗಿರುವಾಗ ಒಂದು ಶನಿವಾರ ಅಂಗಡಿಯಾಕೆ ಮನೆಗೇ ಬಂದಳು. ಪ್ಲೇಯರ್ ಹೇಗಿದೆ ನೋಡುವುದಕ್ಕೆ, ಹಾಗೇ ಮಹಡಿಯ ಕೋಣೆಯ ವಿಷಯ ಮಾತಾಡುವುದಕ್ಕೆ. ಒಳಗೆ ಎರಡು ಹೆಜ್ಜೆ ಇಟ್ಟವಳು ನಿಂತಳು. ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡಿದಳು. ಸೂರಿನಿಂದ ತೂಗಾಡುತ್ತಿದ್ದ ಪ್ಲೇಯರನ್ನೂ ನೋಡಿದಳು.

"ಮೇಸ್ತ್ರಿ, ಈ ನೆಲ ಯಾರು ಹಾಕಿದ್ದು?"

ನನ್ನ ಹೆಸರು, ನನ್ನ ಕಸುಬು, ಬರಬೇಕಾದ ಕೆಲಸ, ಎಲ್ಲ ಒಂದೇ ಕ್ಷಣಕ್ಕೆ ಕಣ್ಣ ಮುಂದೆ ಬಂತು. ನಾಲಿಗೆ ನನ್ನನ್ನು ಕೇಳದೆಯೇ ಆಡಿತು.

"ಅದಾ? ನಮಗಿಂತ ಮುಂಚೆ ಇದ್ದವರು ಯಾರೋ ಹಾಕಿಸಿದ್ದು. ಹಳೇದು."

ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಮೆಲ್ಲಗೆ, ಒಂದು ಹನಿ ತುಳುಕದ ಹಾಗೆ ನಡೆದು ಬಂದು ಚಹಾ ಕೊಟ್ಟಳು. ಅಂಗಡಿಯಾಕೆ ಹೋದ ಮೇಲೆ ಎದುರಿಗೆ ಬಂದು ಕೂತಳು.

"ರೀ, ನನ್ನ ನಡಿಗೆ ಸರಿ ಇಲ್ಲ ಅಂದ್ರಿ, ನಕ್ಕು ಸುಮ್ಮನಾದೆ. ಆದರೆ ನಿಮ್ಮ ಕೈಕೆಲಸವನ್ನ ನೀವೇ ನನ್ನದಲ್ಲ ಅಂದ್ರಲ್ಲ, ಅದು ನನಗೆ ತಡೆಯೋಕಾಗ್ತಿಲ್ಲ. ನಾಳೆ ಭಾನುವಾರ. ನೆಲ ಬಿಚ್ಚಿ. ತಪ್ಪಿದ್ದರೆ ಸರಿಮಾಡಿ. ತಪ್ಪಿಲ್ಲದಿದ್ದರೆ ನಾನು ಜೀವಮಾನವಿಡೀ ತುದಿಗಾಲಲ್ಲಿ ನಡೀತೀನಿ."

ನನಗೆ ಅವಮಾನವಾಯಿತು. ಭಾನುವಾರ ಬೆಳಿಗ್ಗೆ ಸಾಮಾನೆಲ್ಲ ಒಳಕೋಣೆಗೆ ಸರಿಸಿ ಕೂತೆ. ಒಂದೊಂದೇ ಸ್ಕ್ರೂ ತೆಗೆದೆ, ಒಂದೊಂದೇ ಹಲಗೆ ಎಬ್ಬಿಸಿದೆ. ತೊಲೆಗಳೆಲ್ಲ ಗಟ್ಟಿಮುಟ್ಟು. ಒಂದು ಹುಳು ಇಲ್ಲ, ಬಿರುಕಿಲ್ಲ. "ನೋಡಿದೆಯಾ?" ಅಂತ ಎದೆಯುಬ್ಬಿಸುತ್ತಾ ಅಡಿಗೆಮನೆಯ ಕಡೆಯ ಮೂಲೆಗೆ ಬಂದೆ. ಅಲ್ಲಿ ಕೊನೆಯ ತೊಲೆಯ ತುದಿ ಗೋಡೆಯ ಮೇಲೆ ಕೂತಿರಲೇ ಇಲ್ಲ. ಕೆಳಗೊಂದು ಪುಟ್ಟ ಬೆಣೆ ತುರುಕಿ ಹಾಗೇ ಬಿಟ್ಟಿತ್ತು. ತೊಲೆಯ ಮೇಲೆ ದಪ್ಪ ಪೆನ್ಸಿಲ್ಲಿನಲ್ಲಿ ಏನೋ ಬರೆದಿತ್ತು. ನಾನು ಹಲಗೆ ಮುಚ್ಚಲು ಹೋದೆ. ಅಷ್ಟರಲ್ಲಿ ಹೆಂಡತಿ ಬೋರಲು ಮಲಗಿ ಟಾರ್ಚ್ ಬಿಟ್ಟು, ವಾರ್ಡಿನಲ್ಲಿ ರೋಗಿಗಳ ಹೆಸರು ಕೂಗುವ ದನಿಯಲ್ಲಿ ಓದಿದಳು.

"ಈ ಮೂಲೆಗೆ ಆಧಾರ ಕೊಟ್ಟಿಲ್ಲ. ನಾಳೆ ಮರೆಯದೆ ಕೊಡುವುದು."

ಅಕ್ಷರ ನನ್ನದೇ. ಕೆಳಗೆ ತಾರೀಖು ಕೂಡ ಇತ್ತು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹೆಂಡತಿ ಮಾತ್ರ ತಾರೀಖಿನ ಮೇಲೆ ಬೆರಳಿಟ್ಟಳು.

"ಇದು ನನಗೆ ನೋವು ಶುರುವಾದ ದಿನ ಅಲ್ವೇನ್ರೀ? ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿಬಂದ್ರಿ. ಹೆರಿಗೆ ವಾರ್ಡಿನ ಕಾವಲುಗಾರ ಒಳಗೇ ಬಿಡಲಿಲ್ಲ."

ಹೌದು. ಮಾರನೆಯ ದಿನ ಮಗಳು ಹುಟ್ಟಿದಳು. ಆಮೇಲೆ ಆ 'ನಾಳೆ' ಹದಿನೈದು ವರ್ಷ ಹಲಗೆಯ ಕೆಳಗೇ ಮಲಗಿಬಿಟ್ಟಿತು. ನಗುತ್ತಿದ್ದ ಮಗಳು ನಗು ನಿಲ್ಲಿಸಿ, "ಹಾಗಾದ್ರೆ ತಪ್ಪು ನಂದಾ?" ಅಂದಳು. "ನಿಂದಲ್ಲ ಬಿಡೇ, ನಿಮ್ಮಪ್ಪಂದೂ ಅಲ್ಲ," ಅಂದಳು ಹೆಂಡತಿ. ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನ ಪರವಾಗಿ ಕೊಟ್ಟ ಮೊದಲ ತೀರ್ಪು ಅದು. ಮರುಕ್ಷಣವೇ, "ಆದರೆ ಅಂಗಡಿಯವಳ ಹತ್ತಿರ ಸುಳ್ಳು ಹೇಳಿದ್ದು ನಿಮ್ಮದೇ. ಹೋಗಿ ನಿಜ ಹೇಳಿ ಬನ್ನಿ," ಅಂತ ಶರಾ ಬರೆದಳು.

ಹೋದೆ. ಹೇಳಿದೆ. ಅಂಗಡಿಯಾಕೆ ನಗಲೂ ಇಲ್ಲ, ಬೈಯಲೂ ಇಲ್ಲ. "ಸರಿಮಾಡಿ ಮೇಸ್ತ್ರಿ. ಒಂದಿನ ಬಂದು ನೋಡ್ತೀನಿ. ಆಮೇಲೆ ಹೇಳ್ತೀನಿ," ಅಂದಳು.

ಆ ವಾರ ನಾನು ಮಾಡಿದ ಕೆಲಸವನ್ನು ಅರಮನೆ ಕಟ್ಟುವವರೂ ಮಾಡಿರಲಿಕ್ಕಿಲ್ಲ. ತೊಲೆಗೆ ಕಲ್ಲಿನ ಆಧಾರ ಕೊಟ್ಟೆ, ನಡುನಡುವೆ ಅಡ್ಡಪಟ್ಟಿ ಬಿಗಿದೆ, ಸ್ಕ್ರೂಗಳ ಸಂಖ್ಯೆ ಎರಡರಷ್ಟು ಮಾಡಿದೆ. ಮೊಣಕಾಲು ಎರಡೂ ಊದಿಕೊಂಡವು. ಕೊನೆಗೆ ಮುಳ್ಳಿಟ್ಟು, "ನಡಿಯೇ!" ಅಂದೆ. ಹೆಂಡತಿ ಬಾಗಿಲಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಬಾಗಿಲಿಗೆ ಆಸ್ಪತ್ರೆಯ ವೇಗದಲ್ಲೇ ನಡೆದಳು. ಕೊಳಲು ತುದಿಯವರೆಗೂ ಏರಿ, ಅಲ್ಲೇ ನಿಂತು ಉಸಿರುಬಿಟ್ಟಿತು. ಮನೆಯಲ್ಲಿ ಚಪ್ಪಾಳೆ. ನಾನು ಮೂರು ದಿನ ನೆಲದ ಮೇಲೆ ಕಾಲಿಡಲಿಲ್ಲ, ಅಷ್ಟು ಹೆಮ್ಮೆ.

ನಾಲ್ಕನೆಯ ದಿನ ಸಂಜೆ ಮನೆಯಲ್ಲಿ ನಾನೊಬ್ಬನೇ. ಸೋಫಾದಲ್ಲಿ ಮಲಗಿ ಮೊದಲನೇ ಮಗ್ಗುಲು ಕೇಳಿದೆ. ಮುಗಿಯಿತು. ಇನ್ನು ಎದ್ದು, ಮುಳ್ಳೆತ್ತಿ, ತಟ್ಟೆ ಮಗುಚಿ ಹಾಕಬೇಕು. ಮೊಣಕಾಲು 'ಬೇಡ' ಅಂತು. ಸೋಫಾದ ಕೈ ಮೇಲೆ ಮಗಳು ಮರೆತುಹೋದ ಫೋನು, ಇಯರ್‌ಫೋನು. ಅದರಲ್ಲಿ ಇದೇ ಕೊಳಲು ಇದೆ ಅಂತ ಅವಳೇ ತೋರಿಸಿದ್ದಳು. ಮೊಣಕಾಲು ಒಪ್ಪುವವರೆಗೆ ಮಾತ್ರ ಅಂದುಕೊಂಡು ಕಿವಿಗೆ ಸಿಕ್ಕಿಸಿಕೊಂಡೆ. ಆಹಾ! ಏಳಬೇಕಾಗಿಲ್ಲ, ಮಗುಚಬೇಕಾಗಿಲ್ಲ, ಧೂಳು ಒರೆಸಬೇಕಾಗಿಲ್ಲ. ಆರಕ್ಕೆ ಆರೂ ಒಂದೇ ಸಮ ಹರಿದು ಬಂತು. ಕಣ್ಣುಮುಚ್ಚಿ ತಲೆದೂಗಿದೆ. ಎರಡನೇ ಸಲವೂ ಹಾಕಿಕೊಂಡೆ.

ಕಣ್ಣು ಬಿಟ್ಟಾಗ ಸೋಫಾದ ಸುತ್ತ ನಾಲ್ಕು ಜನ ನಿಂತಿದ್ದರು. ಹೆಂಡತಿ, ಮಗಳು, ಅತ್ತೆ, ಪಕ್ಕದಲ್ಲಿ ರೆಕಾರ್ಡ್ ಅಂಗಡಿಯಾಕೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ ದೇವರಿಗೇ ಗೊತ್ತು. ಮೊದಲಾಗಿದ್ದರೆ ಹೆಂಡತಿ ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಸೋಫಾ ಸಮೇತ ನಡುಗಿ ನನಗೆ ಸುದ್ದಿ ಮುಟ್ಟುತ್ತಿತ್ತು!

ಇಯರ್‌ಫೋನಿನ ತಂತಿಯನ್ನೇ ಫೋನಿನಿಂದ ಕಿತ್ತೆ. ಫೋನನ್ನು ಎಲ್ಲಿ ಬಚ್ಚಿಡಲಿ ಅಂತ ತಿಳಿಯದೆ ಅದರ ಮೇಲೇ ಕೂತೆ. ಅದು ನನ್ನ ಕೆಳಗಿನಿಂದಲೇ ಕೊಳಲು ನುಡಿಸತೊಡಗಿತು.

ಅಂಗಡಿಯಾಕೆ ನನ್ನ ಮುಖ ನೋಡಲಿಲ್ಲ. ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಒತ್ತಿದಳು, ಹೆಂಡತಿಯ ಕಡೆ ತಿರುಗಿ ಮೊದಲ ಬಾರಿಗೆ ನಕ್ಕಳು.

"ನಾಲ್ಕು ಜನ ನಡೆದು ಬಂದಿದ್ದೀವಿ, ಮೇಸ್ತ್ರಿಗೆ ಗೊತ್ತೇ ಆಗಲಿಲ್ಲ. ನನಗೆ ಬೇಕಾಗಿರೋದು ಇಂಥ ನೆಲವೇ. ಸೋಮವಾರದಿಂದ ಕೆಲಸ ಶುರುಮಾಡಿಸಿ."

"ಖಂಡಿತ," ಅಂದಳು ಹೆಂಡತಿ. "ಅಷ್ಟರಲ್ಲಿ ಇವರು ಮೇಲೆದ್ದರೆ."